ಇಪ್ಪತ್ತನೆಯ ತಲೆ

ಭೂಗೋಳದ ಮೇಷ್ಟ್ರಿಗೆ ಒದಗಿದ ಕಷ್ಟಕ್ಕೆಲ್ಲ ಮೂಲ ಕಾರಣ ಬೇಕರಿಯ ಒಲೆ ರಿಪೇರಿಯಾದದ್ದು. ಒಲೆ ಕೆಟ್ಟು ಮನುಷ್ಯರಿಗೆ ಕಷ್ಟ ಬರುವುದನ್ನು ಎಲ್ಲರೂ ನೋಡಿದ್ದಾರೆ. ಒಲೆ ಸರಿಹೋಗಿ ಒಬ್ಬ ಮನುಷ್ಯ ಕೆಟ್ಟದ್ದನ್ನು ನೋಡಬೇಕಾದರೆ ಈ ನಮ್ಮ ಮೇಷ್ಟ್ರನ್ನೇ ನೋಡಬೇಕು.

ಅವರು ಪಾಠ ಹೇಳುತ್ತಿದ್ದದ್ದು ಊರಿನ ಸಮುದಾಯ ಕಾಲೇಜಿನಲ್ಲಿ. ಅಲ್ಲಿ ಸೇರುವವರಿಗೆ ವಯಸ್ಸು ಕೇಳುವುದಿಲ್ಲ, ಅಂಕ ಕೇಳುವುದಿಲ್ಲ. ಕಲಿಯುವ ಮನಸ್ಸಿದ್ದರೆ ಸಾಕು. ಕೆಲವರು ಅದನ್ನೂ ತರುವುದಿಲ್ಲ, ಅದು ಬೇರೆ ಮಾತು. ಬೇಕರಿಯ ದೊಡ್ಡ ಒಲೆ ಕೆಟ್ಟು ಕೂತಾಗ ಅಲ್ಲಿನ ಕೆಲಸದವರು ಎಂಟು ಜನ, ಮನೆಯಲ್ಲಿ ಕೂತು ಹೆಂಡಿರ ಬೈಗುಳ ಕೇಳುವುದಕ್ಕಿಂತ ಇದೇ ವಾಸಿ ಎಂದು, ಒಟ್ಟಾಗಿ ಬಂದು ಭೂಗೋಳಕ್ಕೆ ಸೇರಿದ್ದರು. ಖಾಲಿ ಹೊಡೆಯುತ್ತಿದ್ದ ತರಗತಿ ತುಂಬಿಕೊಂಡು ಮೇಷ್ಟ್ರ ಮುಖಕ್ಕೆ ಕಳೆ ಬಂದಿತ್ತು.

ಆ ದಿನ ಬೆಳಿಗ್ಗೆ ಮೇಷ್ಟ್ರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಫೋನು ಬಂತು.

"ಸಾರ್, ಒಳ್ಳೇ ಸುದ್ದಿ! ಒಲೆ ಹತ್ತಿಕೊಳ್ತು!" ಎಂದು ಆ ಕಡೆಯಿಂದ ಬೇಕರಿಯ ಹಿರಿಯ ಕೂಗಿದ. "ಇವತ್ತಿಂದ ನಾವ್ಯಾರೂ ಕ್ಲಾಸಿಗೆ ಬರಲ್ಲ ಸಾರ್. ನಿಮ್ಮ ಆಶೀರ್ವಾದ ಇರಲಿ!"

"ಬಹಳ ಸಂತೋಷ ಕಣಪ್ಪಾ, ಒಳ್ಳೇದಾಗಲಿ," ಎಂದು ಮೇಷ್ಟ್ರು ಅಭ್ಯಾಸಬಲದಿಂದ ಹೇಳಿ ಫೋನಿಟ್ಟರು. ಆಮೇಲೆ ತಾವು ಹರಸಿದ್ದು ಯಾವುದಕ್ಕೆ ಎಂದು ಹೊಳೆದು, ಹಾಗೇ ಕುರ್ಚಿಯ ಮೇಲೆ ಕುಸಿದರು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಪೆಡಲ್ ನಿಲ್ಲಿಸಿದಳು. "ಯಾರ್ರೀ ಅದು? ಯಾಕೆ ಹಂಗೆ ಬೆವರ್ತಿದೀರಿ?"

"ಎಂಟು ತಲೆ ಹೋಯ್ತು ಕಣೇ."

"ಅಯ್ಯೋ! ಅಪಘಾತವಾ?"

"ಅಪಘಾತ ನನಗೆ. ಅವರೆಲ್ಲ ಚೆನ್ನಾಗಿದ್ದಾರೆ."

ವಿಷಯ ಇಷ್ಟು. ಕಾಲೇಜಿಗೆ ಹೊಸ ನಿರ್ದೇಶಕರು ಬಂದು ಒಂದು ವಾರವಾಗಿತ್ತು. ಬಂದವರೇ ಒಂದು ನಿಯಮ ಹೊರಡಿಸಿದ್ದರು: ಇಪ್ಪತ್ತು ವಿದ್ಯಾರ್ಥಿಗಳಿಲ್ಲದ ತರಗತಿ ರದ್ದು, ಅದರ ಮೇಷ್ಟ್ರು ಮನೆಗೆ. ತರ್ಕಶಾಸ್ತ್ರ ಹೋಯಿತು. ಎರಡು ವಿದೇಶಿ ಭಾಷೆಗಳು ಹೋದವು. ಹೋದವರ ಕೆಲಸವನ್ನೆಲ್ಲ ಉಳಿದವರ ತಲೆಗೆ ಕಟ್ಟಿದ್ದರಿಂದ, ಸಂಗೀತದ ಮೇಡಂ ಈಗ ಟೈಪಿಂಗ್ ಕಲಿಸುತ್ತಿದ್ದರು. ಭೂಗೋಳವನ್ನಂತೂ ಊಟದ ಹೊತ್ತಿಗೆ ತಳ್ಳಿಬಿಟ್ಟಿದ್ದರು, ಹಸಿದ ಹೊಟ್ಟೆಯಲ್ಲಿ ಯಾರೂ ಬರಲಾರರು ಎಂಬ ಭರವಸೆಯಿಂದ. ಇವತ್ತು ಮಧ್ಯಾಹ್ನ ಆ ನಿರ್ದೇಶಕರು ಖುದ್ದಾಗಿ ಭೂಗೋಳದ ತರಗತಿಗೆ ಬರುವವರಿದ್ದರು. 'ನಾನು ಹಾಜರಿ ಪುಸ್ತಕ ನಂಬುವವನಲ್ಲ, ತಲೆ ಎಣಿಸುವವನು' ಎಂದು ಜವಾನನ ಕೈಲಿ ಹೇಳಿ ಕಳಿಸಿದ್ದರು.

"ಈಗ ಎಷ್ಟು ಜನ ಉಳಿದ್ರು?" ಎಂದಳು ಹೆಂಡತಿ.

"ಹನ್ನೆರಡು."

"ನಾನೂ ಬಂದು ಕೂತ್ಕೊಳ್ಳಲಾ?"

"ನೀನು ಕೂತರೂ ಹದಿಮೂರೇ. ಉಳಿದ ಏಳು ತಲೆ ಎಲ್ಲಿಂದ ತರಲಿ?"

"ಇಷ್ಟು ವರ್ಷದಿಂದ ಸಂಘ ಸಂಘ ಅಂತ ಭಾನುವಾರವೂ ಮನೇಲಿರದೆ ಓಡಾಡ್ತೀರಲ್ಲ, ಅವರಿಗೆ ಹೇಳ್ರೀ. ಒಂದು ಸಲವಾದ್ರೂ ಆ ಸಂಘದಿಂದ ನಮಗೂ ಉಪಯೋಗ ಆಗ್ಲಿ," ಎಂದು ಆಕೆ ಮತ್ತೆ ಪೆಡಲ್ ತುಳಿದಳು. ಮೇಷ್ಟ್ರಿಗೆ ಭೂಗೋಳ ಬಿಟ್ಟರೆ ಇನ್ನೊಂದು ಕೆಲಸ ಗೊತ್ತಿಲ್ಲ, ಒಂದು ಮೊಳೆ ನೆಟ್ಟಗೆ ಹೊಡೆಯಲು ಬರುವುದಿಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಅಧ್ಯಾಪಕರ ಸಂಘದ ಕಚೇರಿ ಎಂದರೆ ಸ್ಟಾಫ್ ರೂಮಿನ ಮೂಲೆಯ ಮೇಜು. ಸಂಘದ ಅಧ್ಯಕ್ಷರು ರಸಾಯನಶಾಸ್ತ್ರದವರು. ಒಬ್ಬರೇ ಎದುರಿಗಿದ್ದರೂ ಸಭೆಯೊಂದು ನೆರೆದಿದೆ ಎಂದುಕೊಂಡೇ ಮಾತಾಡುವ ಜಾತಿ.

"ಬಂಧುಗಳೇ," ಎಂದರು ಅಧ್ಯಕ್ಷರು, ಭೂಗೋಳದ ಮೇಷ್ಟ್ರ ಕಷ್ಟ ಕೇಳಿ. "ಇದನ್ನ ನಾವು ಸುಮ್ಮನೆ ಬಿಡಲ್ಲ. ಉಗ್ರ ಹೋರಾಟ! ಮುಂದಿನ ತಿಂಗಳು ಮೆರವಣಿಗೆ!"

"ಸಾರ್, ನಿರ್ದೇಶಕರು ಬರೋದು ಇವತ್ತು ಮಧ್ಯಾಹ್ನ."

"ಇವತ್ತಾ? ಮೆರವಣಿಗೆಗೆ ಬ್ಯಾನರ್ ಬರೆಸೋಕೇ ನಾಲ್ಕು ದಿನ ಬೇಕಲ್ರೀ!"

"ನೇರವಾಗಿ ಹೋಗಿ ಅವರ ಹತ್ತಿರ ಮಾತಾಡಿದ್ರೆ?"

"ಎಲ್ಲಿ ಮಾತಾಡೋದು! ಸಂಘದವರ ಮುಖ ನೋಡಲ್ಲ ಅಂತ ಬಾಗಿಲು ಹಾಕ್ಕೊಂಡು ಕೂತಿದ್ದಾರೆ ಪುಣ್ಯಾತ್ಮರು. ಬಂದಾಗಿನಿಂದ ಒಬ್ಬ ಅಧ್ಯಾಪಕನ ಮುಖವನ್ನೂ ನೋಡಿಲ್ಲ."

ಅರ್ಥಶಾಸ್ತ್ರದ ಮೇಡಂ ಸಂಘದ ಕಾರ್ಯದರ್ಶಿ. ಅವರು ಅದುವರೆಗೂ ಉತ್ತರಪತ್ರಿಕೆ ತಿದ್ದುತ್ತಿದ್ದವರು ಕೆಂಪು ಪೆನ್ನು ಮೇಲೆತ್ತಿದರು. "ಒಬ್ಬರ ಮುಖವನ್ನೂ ನೋಡಿಲ್ಲ ತಾನೆ? ಹಂಗಾದ್ರೆ ಇನ್ನೇನ್ರೀ! ಬೇಕಾಗಿರೋದು ಎಂಟು ತಲೆ. ನಮ್ಮ ಹತ್ತಿರ ಏನಿದೆ? ತಲೆಗಳೇ. ಊಟದ ಹೊತ್ತಲ್ಲಿ ಎಲ್ಲರೂ ಖಾಲಿ. ಹೋಗಿ ವಿದ್ಯಾರ್ಥಿಗಳ ಹಾಗೆ ಕೂತ್ಕೊಂಡ್ರೆ ಆಯ್ತು. ಸೂಚಿಸ್ತಾ ಇದೀನಿ."

"ಅನುಮೋದಿಸ್ತೀನಿ," ಎಂದರು ಲೆಕ್ಕದ ಮೇಷ್ಟ್ರು, ಏನನ್ನು ಎಂದು ಕೇಳದೆ. ಆ ಸಂಘದಲ್ಲಿ ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸದೆ ಕಿಟಕಿ ಕೂಡ ತೆಗೆಯುತ್ತಿರಲಿಲ್ಲ.

ಎಂಟು ಜನ ಒಪ್ಪಿದರು. ಇಂಥ ಸ್ನೇಹಿತರು ಯಾರಿಗುಂಟು ಎಂದು ಭೂಗೋಳದ ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಒಂದೇ ಒಂದು ವಿನಂತಿ ಮಾಡಿಕೊಂಡರು: "ದಯವಿಟ್ಟು ಯಾರೂ ಮಾತಾಡಬೇಡಿ. ಸುಮ್ಮನೆ ಕೂತಿದ್ರೆ ಸಾಕು."

"ಅಷ್ಟೇ ತಾನೆ? ಅದೇನು ಮಹಾ!" ಎಂದರು ಅಧ್ಯಕ್ಷರು. ಬದುಕಿನಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ಕೂತು ಗೊತ್ತಿಲ್ಲದ ಮನುಷ್ಯ ಇದಕ್ಕಿಂತ ಬೇರೇನು ಹೇಳಿಯಾನು?

ಊಟದ ಗಂಟೆ ಹೊಡೆಯಿತು. ಹನ್ನೆರಡು ಜನ ವಿದ್ಯಾರ್ಥಿಗಳು ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಮೊದಲ ಬೆಂಚು ಅಜ್ಜಿಯದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಿಯಾದವರು. ಜೀವಮಾನವೆಲ್ಲ ದೂರದೂರಿನ ಹೆಸರು ಕೂಗಿದ್ದೇನೆ, ಅವೆಲ್ಲ ಎಲ್ಲಿವೆ ಅಂತ ಒಂದು ಸಲ ನಕ್ಷೆಯಲ್ಲಾದರೂ ನೋಡಬೇಡವೇ ಎಂದು ಕಾಲೇಜಿಗೆ ಸೇರಿದ್ದರು.

ಆಮೇಲೆ ಸಂಘ ಬಂತು. ವಿದ್ಯಾರ್ಥಿಗಳ ಹಾಗೆ ಕಾಣಬೇಕೆಂದು ಅಧ್ಯಕ್ಷರು ಟೈ ಬಿಚ್ಚಿ ಕೂದಲು ಕೆದರಿಕೊಂಡಿದ್ದರು. ಅರ್ಥಶಾಸ್ತ್ರದ ಮೇಡಂ ಕನ್ನಡಕ ತೆಗೆದಿದ್ದರಿಂದ ಬಾಗಿಲೆಂದುಕೊಂಡು ಕಿಟಕಿಯ ಕಡೆ ನಡೆದರು. ಲೆಕ್ಕದ ಮೇಷ್ಟ್ರು ಜೇಬಿನ ಸೀಮೆಸುಣ್ಣ ತೆಗೆದಿಟ್ಟು ಬಂದಿದ್ದರು, ಆದರೆ ಪ್ಯಾಂಟಿನ ಮೇಲಿನ ಹತ್ತು ಬೆರಳಿನ ಬಿಳಿ ಗುರುತನ್ನು ಏನು ಮಾಡಿಯಾರು? ಒಳಗೆ ಬಂದವರೇ ಎಲ್ಲರೂ ಕೊನೆಯ ಬೆಂಚಿಗೆ ಓಡಿದರು. ಇಷ್ಟು ವರ್ಷ ಹುಡುಗರನ್ನು ಆ ಬೆಂಚಿನಿಂದ ಎಬ್ಬಿಸಿ ಎಬ್ಬಿಸಿ ಮುಂದೆ ಕೂರಿಸಿದವರಿಗೆ ಅಲ್ಲೇನು ಸುಖವಿದೆಯೆಂದು ತಿಳಿಯುವ ಆಸೆ.

"ನಾನು ಅಧ್ಯಕ್ಷ, ಗೋಡೆ ಪಕ್ಕ ನನಗೆ."

"ಇಲ್ಲಿ ಎಂಥ ಅಧ್ಯಕ್ಷರ್ರೀ? ಎಲ್ಲರೂ ವಿದ್ಯಾರ್ಥಿಗಳೇ. ಜರುಗಿ ಆಚೆ."

ಅಜ್ಜಿ ತಿರುಗಿ ನೋಡಿ ಕಣ್ಣು ಕಿರಿದು ಮಾಡಿದರು. "ಏನ್ ಮೇಷ್ಟ್ರೇ, ಇವರೆಲ್ಲ ಫೇಲಾದ್ರಾ?"

"ಇಲ್ಲ ಅಜ್ಜಿ. ಹೊಸದಾಗಿ ಸೇರಿದ್ದಾರೆ. ಯಾರಿಗೂ ಹೇಳಬೇಡಿ."

"ನನಗ್ಯಾಕೆ? ಓದಲಿ ಬಿಡಿ ಪಾಪ. ಕಲಿತರೆ ಒಳ್ಳೇದೇ."

ಮೇಷ್ಟ್ರು ತಲೆ ಎಣಿಸಿದರು. ಹತ್ತೊಂಬತ್ತು. ಇನ್ನೊಮ್ಮೆ ಎಣಿಸಿದರು. ಹತ್ತೊಂಬತ್ತೇ.

"ಚಿತ್ರಕಲೆಯವರೆಲ್ಲಿ?" ಎಂದು ಪಿಸುಗುಟ್ಟಿದರು.

"ದಾರೀಲೇ ಸಿಕ್ಕಿಹಾಕ್ಕೊಂಡ್ರು," ಎಂದರು ಲೆಕ್ಕದ ಮೇಷ್ಟ್ರು. "ಇವತ್ತಿಂದ ಊಟದ ಹೊತ್ತಲ್ಲಿ ಸೈಕಲ್ ಸ್ಟ್ಯಾಂಡ್ ಕಾಯೋ ಕೆಲಸವನ್ನೂ ಅವರಿಗೇ ಹಾಕಿದ್ದಾರಂತೆ. ಜವಾನ ಆರ್ಡರ್ ಕೊಟ್ಟು ಅಲ್ಲೇ ನಿಲ್ಲಿಸಿಬಿಟ್ಟ."

"ಇದನ್ನ ಸಂಘ ಖಂಡಿಸುತ್ತೆ!" ಎಂದು ಅಧ್ಯಕ್ಷರು ಊಟದ ಡಬ್ಬಿ ಬಿಚ್ಚುತ್ತಲೇ ಗುಡುಗಿದರು.

"ಅನುಮೋದಿಸ್ತೀನಿ," ಎಂದಿತು ಹಿಂದಿನ ಬೆಂಚು, ಬಾಯಿತುಂಬ ಅನ್ನ ಇಟ್ಟುಕೊಂಡು.

ಒಂದು ತಲೆ ಕಡಿಮೆ! ಹೊರಗೆ ಹೋಗಿ ಯಾರನ್ನಾದರೂ ಕೈಹಿಡಿದು ಎಳೆದು ತರೋಣವೆಂದರೆ ನಿರ್ದೇಶಕರು ಯಾವ ಗಳಿಗೆಯಲ್ಲಾದರೂ ಬರಬಹುದು. ಕಂಡ ಕಂಡ ದೇವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದು, ಅವರು ಎಣಿಸುವಾಗ ತಪ್ಪಲಪ್ಪಾ ಎಂದು ಬೇಡಿಕೊಂಡು, ಮೇಷ್ಟ್ರು ಗ್ಲೋಬನ್ನು ಕೈಗೆತ್ತಿಕೊಂಡರು.

"ಇವತ್ತಿನ ಪಾಠ, ಸಮುದ್ರದ ನೀರು ಉಪ್ಪಾಗಿರುವುದೇಕೆ. ನದಿಗಳು ಬಂಡೆಗಳ ಮೇಲೆ ಹರಿದು ಬರುವಾಗ, ಆ ಬಂಡೆಗಳಲ್ಲಿರುವ ಉಪ್ಪನ್ನು ಸ್ವಲ್ಪ ಸ್ವಲ್ಪವೇ..."

ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಅಧ್ಯಕ್ಷರ ಕೈ. ಮೇಷ್ಟ್ರು ನೋಡದವರಂತೆ ಗೋಡೆಯ ಕಡೆ ತಿರುಗಿದರು. ಕೈಯ ಜೊತೆ ಅಧ್ಯಕ್ಷರೂ ಎದ್ದರು.

"ಉಪ್ಪು ಅಂದ್ರೆ ಯಾವ ಉಪ್ಪು ಅಂತ ಹೇಳಬೇಕಲ್ರೀ? ಒಂದೇ ಉಪ್ಪಾ ಇರೋದು? ಹಂಗೆ ಮೇಲ್ಮೇಲೆ ಹೇಳಿದ್ರೆ ಈ ಅಜ್ಜಿಗೆ ಹೆಂಗೆ ತಿಳಿಬೇಕು?"

"ಸಾರ್, ದಮ್ಮಯ್ಯ, ಕೂತ್ಕೊಳ್ಳಿ."

"ಎರಡೇ ನಿಮಿಷ," ಎಂದು ಅಧ್ಯಕ್ಷರು ಬೋರ್ಡಿನ ಹತ್ತಿರ ಬಂದೇಬಿಟ್ಟರು. ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಅವರ ಕೈಗೆ ಹೋದದ್ದು ಹೇಗೆಂದು ಯಾರಿಗೂ ಕಾಣಲಿಲ್ಲ. ಉಪ್ಪುಗಳ ಹೆಸರುಗಳಿಂದ ಬೋರ್ಡಿನ ಅರ್ಧ ತುಂಬಿತು. ಮಾತಿನ ಭರದಲ್ಲಿ ಅವರು, ಸಮುದ್ರದ ಉಪ್ಪನ್ನೆಲ್ಲ ತೆಗೆದು ನೆಲದ ಮೇಲೆ ಹರಡಿದರೆ ಎಷ್ಟು ಎತ್ತರ ಬರುತ್ತದೆ ಎಂದು ಒಂದು ಲೆಕ್ಕವನ್ನೂ ಗೀಚಿದರು.

ಲೆಕ್ಕದ ಮೇಷ್ಟ್ರು ತುತ್ತನ್ನು ಬಾಯಿಗೆ ಹಾಕಿಕೊಳ್ಳಲಿದ್ದವರು ಹಾಗೇ ತಡೆದರು. ತಪ್ಪು ಲೆಕ್ಕ ಕಣ್ಣೆದುರಿಗೆ ಇರುವಾಗ ಅವರಿಗೆ ಊಟ ಇಳಿಯುವುದಿಲ್ಲ.

"ಒಂದು ಸೊನ್ನೆ ಬಿಟ್ಟಿದ್ದೀರಿ!"

"ಸೊನ್ನೆ ತಾನೆ, ಬಿಡ್ರೀ."

"ಸೊನ್ನೆ ತಾನೆ ಅಂದ್ರೆ? ಮನೆ ಎತ್ತರದ ಉಪ್ಪಿಗೂ ಬೆಟ್ಟದ ಎತ್ತರದ ಉಪ್ಪಿಗೂ ವ್ಯತ್ಯಾಸ ಇಲ್ವಾ?" ಎಂದು ಅವರೂ ಎಂಜಲು ಕೈಯಲ್ಲೇ ಬಂದು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದರು.

"ಅಷ್ಟು ಉಪ್ಪು ಒಂದೇ ಸಲ ಪೇಟೆಗೆ ಬಂದ್ರೆ ಬೆಲೆ ಏನಾಗುತ್ತೆ ಅಂತ ಯಾರಾದ್ರೂ ಯೋಚನೆ ಮಾಡಿದ್ರಾ?" ಎಂದು ಅರ್ಥಶಾಸ್ತ್ರದ ಮೇಡಂ ಹಿಂದಿನಿಂದ ಎದ್ದು, ಒಂದು ಬೆಂಚಿಗೆ ಎಡವಿ, ಬೋರ್ಡಿಗೆ ಬಂದರು. ಇತಿಹಾಸದವರು ಉಪ್ಪಿಗಾಗಿ ನಡೆದ ಜಗಳಗಳನ್ನು ಕೂತಲ್ಲಿಂದಲೇ ಹೇಳತೊಡಗಿದರು. ಜೀವಶಾಸ್ತ್ರದವರು ಮೀನಿನ ಪರವಾಗಿ ಮಾತಾಡಿದರು. ಅಜ್ಜಿಯಂತೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಉಳಿದ ಹನ್ನೊಂದು ಜನ ಬರೆದುಕೊಂಡದ್ದೇ ಬರೆದುಕೊಂಡದ್ದು. ಆ ತರಗತಿ ಅಷ್ಟು ಚೆನ್ನಾಗಿ ಎಂದೂ ನಡೆದಿರಲಿಲ್ಲ.

"ಅಂದರೆ, ನಾನು ಹೇಳೋದೇನಂದ್ರೆ..." ಎಂದು ಭೂಗೋಳದ ಮೇಷ್ಟ್ರು ಮೂರು ಸಲ ಶುರುಮಾಡಿದರು. ಮೂರು ಸಲವೂ ಅವರ ಮಾತು ಗದ್ದಲದಲ್ಲಿ ಮುಳುಗಿಹೋಯಿತು. ಬೋರ್ಡಿನ ಎದುರಿಂದ ಕಿಟಕಿಯ ಹತ್ತಿರಕ್ಕೆ, ಕಿಟಕಿಯಿಂದ ಮೇಜಿನ ಮೂಲೆಗೆ ಜರುಗಿ ಜರುಗಿ ಕೊನೆಗೆ ಅವರಿಗೆ ನಿಲ್ಲಲೂ ಜಾಗವಿಲ್ಲದಾಯಿತು.

"ಬನ್ನಿ ಮೇಷ್ಟ್ರೇ, ನನ್ನ ಪಕ್ಕ ಕೂತ್ಕೊಳ್ಳಿ. ಎಷ್ಟೂಂತ ನಿಲ್ತೀರಿ?" ಎಂದು ಅಜ್ಜಿ ಜರುಗಿ ಜಾಗ ಮಾಡಿಕೊಟ್ಟರು. ಮೇಷ್ಟ್ರು ಗ್ಲೋಬನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಿಜ ಹೇಳಬೇಕೆಂದರೆ, ಲೆಕ್ಕದವರು ಹೇಳಿದ ಉಪ್ಪಿನ ಎತ್ತರ ಅವರಿಗೂ ಹೊಸದು. ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು.

ಅಷ್ಟರಲ್ಲಿ ಸಂಗೀತದ ಮೇಡಂ, ಅವರ ಕಿವಿ ಚುರುಕು, "ಬಂದ್ರು!" ಎಂದರು.

ಕಿಟಕಿಯಲ್ಲಿ ಒಂದು ಉದ್ದ ಮುಖವಿತ್ತು. ಅದು ಅಲ್ಲಿ ಎಷ್ಟು ಹೊತ್ತಿನಿಂದ ಇತ್ತೋ ಯಾರಿಗೂ ಗೊತ್ತಿಲ್ಲ. ಅದು ಬಾಗಿಲಿಗೆ ಸುತ್ತಿ ಬಂದು ಒಳಗೆ ಕಾಲಿಡುವಷ್ಟರಲ್ಲಿ ಬೋರ್ಡಿನ ಬಳಿಯಿದ್ದ ಮೂವರೂ ಸೀಮೆಸುಣ್ಣ ಬಿಸಾಡಿ, ಸಿಕ್ಕ ಸಿಕ್ಕ ಬೆಂಚಿಗೆ ಬಿದ್ದರು. ಅಧ್ಯಕ್ಷರು ಬಂದು ಬಿದ್ದದ್ದು ಭೂಗೋಳದ ಮೇಷ್ಟ್ರ ಪಕ್ಕಕ್ಕೆ.

ನಿರ್ದೇಶಕರು ತೋರುಬೆರಳೆತ್ತಿ ಎಣಿಸತೊಡಗಿದರು. ಭೂಗೋಳದ ಮೇಷ್ಟ್ರು ನಮಸ್ಕಾರ ಹೇಳಲು ಏಳಹೊರಟರು. ಅಧ್ಯಕ್ಷರು ಅವರ ತೋಳು ಹಿಡಿದು ಜಗ್ಗಿ ಪಿಸುಗುಟ್ಟಿದರು.

"ಏಳಬೇಡ್ರೀ! ನೀವೂ ಸೇರಿದ್ರೇನೇ ಇಪ್ಪತ್ತು!"

ಮೇಷ್ಟ್ರು ತಟ್ಟನೆ ಕೂತರು. ಬೆರಳು ಅಜ್ಜಿಯ ಮೇಲೆ ಹಾದು, ಮೇಷ್ಟ್ರ ಮೂಗಿನೆದುರು ಒಂದು ಕ್ಷಣ ನಿಂತು, ಮುಂದೆ ಹೋಯಿತು.

"ಇಪ್ಪತ್ತು!" ಎಂದರು ನಿರ್ದೇಶಕರು. ಆ ಉದ್ದ ಮುಖದ ಮೇಲೆ ನಗು ಕಂಡಿತು. "ಸರಿಯಾಗಿ ಇಪ್ಪತ್ತು. ನಾನು ಇವತ್ತು ಈ ಕ್ಲಾಸು ಮುಚ್ಚೋಕೇ ಅಂತ ಬಂದಿದ್ದೆ. ಮುಚ್ಚೋ ಹಾಗಿಲ್ಲ!"

ಭೂಗೋಳದ ಮೇಷ್ಟ್ರಿಗೆ ಕುಣಿಯಬೇಕೆನ್ನಿಸಿತು. ಅಧ್ಯಕ್ಷರು ಬೆಂಚಿನ ಕೆಳಗೆ ಅವರ ಕೈ ಕುಲುಕಿದರು. ಹಿಂದೆ ಯಾರೋ ಮೆಲ್ಲಗೆ "ಅನುಮೋದಿಸ್ತೀನಿ" ಎಂದರು.

"ಅದ್ಸರಿ," ಎಂದು ನಿರ್ದೇಶಕರು ಸುತ್ತ ನೋಡಿದರು. "ನಿಮ್ಮ ಮೇಷ್ಟ್ರೆಲ್ಲಿ?"

ನಾನೇ ಮೇಷ್ಟ್ರು ಎಂದು ಎದ್ದರೆ ಬೆಂಚಿನಲ್ಲಿ ಉಳಿಯುವುದು ಹತ್ತೊಂಬತ್ತು, ತರಗತಿ ಅಲ್ಲೇ ರದ್ದು. ಏಳದಿದ್ದರೆ ಮೇಷ್ಟ್ರು ಇಲ್ಲವೇ ಇಲ್ಲ. ಭೂಗೋಳದ ಮೇಷ್ಟ್ರು ಅರ್ಧ ಎದ್ದರು, ಅರ್ಧ ಕೂತರು.

"ಮೇಷ್ಟ್ರು ಇಲ್ಲೇ..." ಎಂದು ಅಜ್ಜಿ ಶುರುಮಾಡಿದರು. ಮೇಷ್ಟ್ರು ಅಳುವಂತೆ ಅವರ ಮುಖ ನೋಡಿದರು. ಅಜ್ಜಿಗೆ ಏನು ಅರ್ಥವಾಯಿತೋ, "ಇಲ್ಲೇ ಎಲ್ಲೋ ಹೋಗಿರಬೇಕು ಸಾರ್, ಪಾಪ," ಎಂದು ಮುಗಿಸಿದರು.

"ಪಾಪ ಏನು ಬಂತು? ನಾನು ಕಿಟಕೀಲಿ ಆಗಿನಿಂದ ನಿಂತಿದ್ದೀನಿ. ಮೇಷ್ಟ್ರದು ಒಂದು ಮಾತೂ ಕೇಳಿಸಲಿಲ್ಲ. ಕೇಳಿಸಿದ್ದೆಲ್ಲ ನಿಮ್ಮದೇ! ಆಹಾ, ಒಬ್ಬರು ರಸಾಯನ ಹೇಳ್ತೀರಿ, ಒಬ್ಬರು ಸೊನ್ನೆ ಹಿಡೀತೀರಿ. ಇಂಥ ವಿದ್ಯಾರ್ಥಿಗಳನ್ನ ನಾನು ನೋಡೇ ಇರಲಿಲ್ಲ. ಈ ಕಾಲೇಜಿನ ಅಧ್ಯಾಪಕರಿಗೆ ನಿಮ್ಮ ಬುದ್ಧಿಯ ಅರ್ಧ ಇದ್ದಿದ್ರೆ ಸಾಕಿತ್ತು!"

ಅಧ್ಯಕ್ಷರಿಗೆ ಇದಕ್ಕೆ ಉಬ್ಬಬೇಕೋ ಖಂಡಿಸಬೇಕೋ ತಿಳಿಯಲಿಲ್ಲ.

"ಮೇಷ್ಟ್ರಿಲ್ಲದೇ ಇಷ್ಟು ಚೆನ್ನಾಗಿ ನಡೆಯೋ ಕ್ಲಾಸಿಗೆ ಮೇಷ್ಟ್ರು ಯಾಕೆ?" ಎಂದರು ನಿರ್ದೇಶಕರು. "ಕ್ಲಾಸು ಇರಲಿ. ಮೇಷ್ಟ್ರು ಬೇಡ. ನೀವು ಇಪ್ಪತ್ತೂ ಜನ ದಿನಾ ಊಟದ ಹೊತ್ತಿಗೆ ತಪ್ಪದೆ ಬನ್ನಿ, ನಾನೂ ಬಂದು ಎಣಿಸ್ತೀನಿ. ಒಂದು ತಲೆ ಕಡಿಮೆ ಆದ್ರೂ ಬೀಗ."

"ಸಾರ್," ಎಂದು ಅಧ್ಯಕ್ಷರು ಎದ್ದು ನಿಂತರು. ಜೀವನದಲ್ಲಿ ಮೊದಲ ಸಲ ಅವರ ದನಿ ಸಣ್ಣಗಾಗಿತ್ತು. "ನಮ್ಮ ಮೇಷ್ಟ್ರು ಬಹಳ ಒಳ್ಳೆಯವರು ಸಾರ್. ಅವರಿಲ್ಲದೆ ನಮಗೆ..."

"ಕೂತ್ಕೊಳ್ಳಪ್ಪಾ. ನಿನ್ನ ಗುರುಭಕ್ತಿ ನೋಡಿ ಸಂತೋಷ ಆಯ್ತು. ಚೆನ್ನಾಗಿ ಓದು." ಹೀಗೆಂದು ನಿರ್ದೇಶಕರು ಬಾಗಿಲವರೆಗೆ ಹೋದವರು ತಿರುಗಿ, ಮೊದಲ ಬೆಂಚಿನಲ್ಲಿ ಗ್ಲೋಬ್ ತಬ್ಬಿಕೊಂಡು ಕೂತಿದ್ದ ವ್ಯಕ್ತಿಯನ್ನು ನೋಡಿದರು. "ನೀವು, ಗ್ಲೋಬ್ ಇಟ್ಕೊಂಡಿರೋರು. ಜವಾಬ್ದಾರಿ ಮನುಷ್ಯರ ಹಾಗೆ ಕಾಣ್ತೀರಿ. ನಿಮ್ಮ ಮೇಷ್ಟ್ರು ಸಿಕ್ಕಿದ್ರೆ, ನಾಳೆಯಿಂದ ಬರೋದು ಬೇಡ ಅಂತ ಹೇಳಿಬಿಡ್ತೀರಾ?"

"ಹೇಳ್ತೀನಿ ಸಾರ್," ಎಂದರು ಭೂಗೋಳದ ಮೇಷ್ಟ್ರು.

ನಿರ್ದೇಶಕರು ಹೋದ ಮೇಲೆ ಅಲ್ಲಿಯೇ ಸಂಘದ ತುರ್ತು ಸಭೆ ನಡೆಯಿತು. ಭೂಗೋಳದ ಮೇಷ್ಟ್ರನ್ನು ಮರಳಿ ತೆಗೆದುಕೊಳ್ಳುವವರೆಗೂ ಉಗ್ರ ಹೋರಾಟ ಎಂದು ಅಧ್ಯಕ್ಷರು ಘೋಷಿಸಿದರು. ಯಾವಾಗ ಎಂಬ ಪ್ರಶ್ನೆ ಬಂತು. ಎಲ್ಲರಿಗೂ ಬಿಡುವಿರುವುದು ಊಟದ ಹೊತ್ತಿನಲ್ಲಿ ಮಾತ್ರ, ಊಟದ ಹೊತ್ತಿನಲ್ಲಿ ಎಲ್ಲರೂ ಇನ್ನು ಮೇಲೆ ಭೂಗೋಳದ ತರಗತಿಯಲ್ಲಿರಬೇಕು. ಹೋರಾಟವನ್ನು ಮುಂದಕ್ಕೆ ಹಾಕಬೇಕೆಂದು ಲೆಕ್ಕದ ಮೇಷ್ಟ್ರು ಸೂಚಿಸಿದರು. ಎಲ್ಲರೂ ಅನುಮೋದಿಸಿದರು.

"ಆದರೆ ನೀವು ಮಾತ್ರ ಒಂದು ದಿನವೂ ತಪ್ಪಿಸೋ ಹಾಗಿಲ್ಲ," ಎಂದು ಅರ್ಥಶಾಸ್ತ್ರದ ಮೇಡಂ ಭೂಗೋಳದ ಮೇಷ್ಟ್ರಿಗೆ ಬೆರಳು ತೋರಿಸಿದರು. "ಕ್ಲಾಸು ಉಳಿದ್ರೆ ತಾನೆ ನಿಮ್ಮ ಕೆಲಸ ವಾಪಸ್ ಕೇಳೋದು? ಇಪ್ಪತ್ತನೇ ತಲೆ ನಿಮ್ಮದೇ."

ಸಂಜೆ ಮೇಷ್ಟ್ರು ಮನೆ ಸೇರಿದಾಗ ಹೆಂಡತಿ ಹೊಲಿಗೆ ಬಿಟ್ಟು ಓಡಿಬಂದಳು. "ಏನಾಯ್ತ್ರೀ? ಸಂಘದವರು ಬಂದ್ರಾ? ಕ್ಲಾಸು ಉಳೀತಾ?"

"ಬಂದ್ರು ಕಣೇ. ಕ್ಲಾಸು ಉಳೀತು."

"ಅಬ್ಬಾ, ಸದ್ಯ! ಮತ್ತೆ ಮುಖ ಯಾಕೆ ಹಂಗಿದೆ? ಊಟಕ್ಕೆ ಬನ್ನಿ."

"ನೀನು ಮಾಡು," ಎಂದು ಮೇಷ್ಟ್ರು ಮೇಜಿನ ಮುಂದೆ ಕೂತು ಪುಸ್ತಕ ಬಿಚ್ಚಿದರು. "ನಾನು ಓದ್ಕೋಬೇಕು. ನಾಳೆ ಲೆಕ್ಕದ ಮೇಷ್ಟ್ರು ಭೂಗೋಳದಲ್ಲಿ ಟೆಸ್ಟ್ ಕೊಡ್ತಾರಂತೆ."